ಅಪ್ಪ ವಾಚ್ ನೋಡಿಕೊಂಡೇ ಓಡಲಿ

ಅಪ್ಪನಿಗೆ ಈಗ 58. ಬೆಂಗಳೂರಿನ 10 ಕಿ.ಮೀ. ಓಟವನ್ನು ಒಂದು ಗಂಟೆಯೊಳಗೆ ಮುಗಿಸಬೇಕೆಂಬುದು ಅವರ ಹಟ. ಅಂದರೆ ಪ್ರತಿ ಕಿಲೋಮೀಟರಿಗೆ 6 ನಿಮಿಷ. ಕಳೆದ ಸಲ ಹಿಡಿದದ್ದು 61 ನಿಮಿಷ 40 ಸೆಕೆಂಡು.

‘ಈ ವಯಸ್ಸಿನಲ್ಲಿ ಆರೋಗ್ಯಕ್ಕೆ ನಡೆದರೆ ಸಾಕು, ಟೈಮ್ ಯಾರಿಗೆ ಬೇಕು?’ ಎಂದು ನೆಂಟರು ನಗುತ್ತಾರೆ. ನಾನೂ ಹಾಗೇ ಅಂದಿದ್ದೆ. ಅಪ್ಪ ಶೂ ಲೇಸ್ ಕಟ್ಟುತ್ತಾ, ‘ನಿನ್ನ ಪರೀಕ್ಷೆ ಬಂದಾಗ ಪಾಸಾದರೆ ಸಾಕು ಅಂತ ನಾನು ಯಾವತ್ತಾದರೂ ಹೇಳಿದ್ದೀನಾ?’ ಎಂದರು. ನನ್ನ ಬಾಯಿ ಕಟ್ಟಿತು.

ಗುರಿ ಎಂಬುದು ನಮ್ಮ ಸ್ವತ್ತು ಎಂದು ನಾವು ಯುವಜನರು ಅಂದುಕೊಂಡಿದ್ದೇವೆ. ಹಿರಿಯರಿಗೆ ಮಾತ್ರೆ, ವಾಕಿಂಗ್, ಮೊಮ್ಮಕ್ಕಳು ಸಾಕೆಂದು ನಾವೇ ತೀರ್ಮಾನಿಸುತ್ತೇವೆ. ಕೆನಡಾದ ಎಡ್ ವಿಟ್ಲಾಕ್ 2003ರಲ್ಲಿ, 72ನೇ ವಯಸ್ಸಿನಲ್ಲಿ, ಮ್ಯಾರಥಾನಿನ 42.195 ಕಿ.ಮೀ. ದೂರವನ್ನು 2 ಗಂಟೆ 59 ನಿಮಿಷ 10 ಸೆಕೆಂಡಿನಲ್ಲಿ ಓಡಿದರು. ಎಪ್ಪತ್ತು ದಾಟಿದವರಲ್ಲಿ ಮೂರು ಗಂಟೆಯೊಳಗೆ ಮುಗಿಸಿದ ಮೊದಲಿಗರು ಅವರೇ. ಅಲ್ಲಿಗೇ ತೃಪ್ತರಾಗದೆ ಮರುವರ್ಷ ಇನ್ನೂ ನಾಲ್ಕು ನಿಮಿಷಕ್ಕೂ ಹೆಚ್ಚು ಕಡಿಮೆ ಮಾಡಿದರು. ಅವರ ಅಭ್ಯಾಸ ನಡೆಯುತ್ತಿದ್ದುದು ಮನೆ ಹತ್ತಿರದ ಸ್ಮಶಾನದ ದಾರಿಯಲ್ಲಿ!

ವಯಸ್ಸಾದ ಮೇಲೆ ಎಚ್ಚರ ಬೇಕು, ನಿಜ. ಡಾಕ್ಟರ ಬಳಿ ತಪಾಸಣೆ ಮಾಡಿಸಲಿ, ದೂರವನ್ನು ನಿಧಾನವಾಗಿ ಹೆಚ್ಚಿಸಲಿ, ಎದೆನೋವು ಬಂದರೆ ತಕ್ಷಣ ನಿಲ್ಲಿಸಲಿ. ಆದರೆ ಕಾಳಜಿಯ ಹೆಸರಿನಲ್ಲಿ ಆಸೆಯನ್ನೇ ಕಿತ್ತುಕೊಳ್ಳುವುದು ಬೇಡ.

ಆ 100 ಸೆಕೆಂಡು ಅಪ್ಪನನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಿದೆ. ಗುರಿ ಮುಟ್ಟುತ್ತಾರೋ ಇಲ್ಲವೋ ಗೊತ್ತಿಲ್ಲ. ಈಗ ಭಾನುವಾರ ನೀರಿನ ಬಾಟಲಿ ಹಿಡಿದು ಸೈಕಲ್‌ನಲ್ಲಿ ನಾನೂ ಹೋಗುತ್ತೇನೆ. ಸೆಕೆಂಡು ಎಣಿಸುವ ಕೆಲಸ ನನ್ನದು.