ಹೋರಿಯ ನಿರ್ಧಾರ

ಮಕ್ಕಳ ಚಿತ್ರಪುಸ್ತಕವೊಂದು ಹಿರಿಯರಲ್ಲಿ ವಾದವೆಬ್ಬಿಸುವುದು ವಿರಳ. ಅಮೆರಿಕದ ಮನ್ರೋ ಲೀಫ್ ಬರೆದು ರಾಬರ್ಟ್ ಲಾಸನ್ ಚಿತ್ರ ರಚಿಸಿದ ‘ಫರ್ಡಿನಾಂಡನ ಕಥೆ’ 1936ರಲ್ಲಿ ಪ್ರಕಟವಾಗಿ ಅಂತಹ ವಾದಕ್ಕೆ ಕಾರಣವಾಯಿತು.

ಫರ್ಡಿನಾಂಡ್ ಸ್ಪೇನ್ ದೇಶದ ಹೋರಿ. ಓರಗೆಯ ಹೋರಿಗಳಂತೆ ಕಾದಾಡುವುದು ಅವನಿಗೆ ಬೇಡ. ಮರದ ನೆರಳಿನಲ್ಲಿ ಕುಳಿತು ಹೂವಿನ ಪರಿಮಳವನ್ನು ಸವಿಯುವುದೇ ಪ್ರಿಯ. ಒಮ್ಮೆ ದುಂಬಿ ಕಚ್ಚಿದ ನೋವಿಗೆ ಅವನು ಕುಣಿದಾಡಲು, ಮಹಾರೋಷದ ಹೋರಿಯೆಂದು ಭ್ರಮಿಸಿ ಅವನನ್ನು ಮ್ಯಾಡ್ರಿಡ್ ನಗರದ ಗೂಳಿಕಾಳಗಕ್ಕೆ ಒಯ್ಯುತ್ತಾರೆ. ಅಲ್ಲಿಯೂ ಅವನು ಹೆಂಗಳೆಯರ ಮುಡಿಯ ಹೂವಿನ ಕಂಪಿಗೆ ಮನಸೋತು ಕುಳಿತುಬಿಡುತ್ತಾನೆ. ಎಷ್ಟು ಕೆಣಕಿದರೂ ಕದಲದವನನ್ನು ಕೊನೆಗೆ ಮನೆಗೆ ಕಳುಹಿಸುತ್ತಾರೆ.

ಅದೇ ವರ್ಷ ಸ್ಪೇನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಕೆಲವರು ಈ ಕಥೆಯಲ್ಲಿ ರಾಜಕೀಯವನ್ನು ಕಂಡರು. ತಂದೆತಾಯಿಗಳಲ್ಲಿಯೂ ಎರಡು ಮತಗಳುಂಟು. ಇದನ್ನೋದಿದ ಮಕ್ಕಳು ಸೋಮಾರಿಗಳಾದಾರು, ಹೇಡಿಗಳಾದಾರು ಎಂಬುದು ಒಂದು; ತಮ್ಮ ಸ್ವಭಾವವನ್ನರಿತು ನಡೆಯಲು ಕಲಿತಾರು ಎಂಬುದು ಮತ್ತೊಂದು.

ಮೊದಲಿನ ಆತಂಕವನ್ನು ಹಗುರವಾಗಿ ಕಾಣಲಾಗದು. ಇಷ್ಟವಿಲ್ಲವೆಂದು ಕರ್ತವ್ಯವನ್ನೇ ತೊರೆಯುವುದು ನಿರ್ಧಾರವಲ್ಲ, ಪಲಾಯನ. ಆದರೆ ಇತರರ ವಿನೋದಕ್ಕಾಗಿ ಕಾದಾಡುವುದು ಯಾರ ಕರ್ತವ್ಯವೂ ಅಲ್ಲ. ನೆರೆದ ಜನರ ನಿರೀಕ್ಷೆಗೆ ಮಣಿಯದಿರುವುದು ಹೇಡಿತನವೆನಿಸದು.

ಎರಡೂ ಪಕ್ಷದವರು ತಾಯಿಹಸುವನ್ನು ಮರೆಯಬಾರದು. ಮಗ ಒಂಟಿಯಾದನೇ ಎಂದು ಆಕೆ ಚಿಂತಿಸುತ್ತಾಳೆ, ಕಾರಣ ಕೇಳುತ್ತಾಳೆ. ಅವನಿಗೆ ದುಃಖವಿಲ್ಲವೆಂದು ಅರಿತ ಮೇಲೆ ಅವನ ಇಚ್ಛೆಗೆ ಅಡ್ಡಬರುವುದಿಲ್ಲ. ಮಕ್ಕಳ ಓದು, ಉದ್ಯೋಗಗಳನ್ನು ತಾವೇ ಗೊತ್ತುಮಾಡುವ ಹಿರಿಯರು ಇಲ್ಲಿ ಕಲಿಯಬೇಕಾದುದುಂಟು. ಪ್ರಶ್ನಿಸುವುದು ಅವರ ಹಕ್ಕು. ಉತ್ತರಕ್ಕೆ ಕಿವಿಗೊಡುವುದು ಅವರ ಧರ್ಮ.