ಹಳಿಯಾಳದ ಪರದೆಗೆ ಗಡಿ ಇರಲಿಲ್ಲ

ಬೆಳಗಾವಿಯಲ್ಲಿ ಅಧಿವೇಶನದ ಮಾತು ಕೇಳಿಬರುತ್ತಿದ್ದಂತೆ ಗಡಿ ವಿವಾದಕ್ಕೂ ಜೀವ ಬರುವುದು ವಾಡಿಕೆ. ಬಸ್ಸುಗಳಿಗೆ ಮಸಿ, ಪ್ರತಿಕೃತಿಗಳಿಗೆ ಬೆಂಕಿ, ಎರಡೂ ಕಡೆಯ ನಾಯಕರಿಂದ ಆವೇಶದ ಹೇಳಿಕೆಗಳು. ವಾರ ಕಳೆದ ಮೇಲೆ ಎಲ್ಲವೂ ತಣ್ಣಗೆ. 2022ರ ಡಿಸೆಂಬರ್‌ನಲ್ಲಿ ಹೀಗೆಯೇ ಆಯಿತು. 2025ರ ಫೆಬ್ರುವರಿಯಲ್ಲಿ ಬೆಳಗಾವಿ ಸಮೀಪ ಬಸ್ ನಿರ್ವಾಹಕರೊಬ್ಬರ ಮೇಲೆ ಭಾಷೆಯ ಕಾರಣಕ್ಕೆ ಹಲ್ಲೆ ನಡೆದು, ಉಭಯ ರಾಜ್ಯಗಳ ನಡುವಿನ ಬಸ್ ಸಂಚಾರವೇ ಸ್ಥಗಿತಗೊಂಡಿತು. ಈ ಸರಣಿಯ ಒಂದು ಘಟನೆ ಮಾತ್ರ ನನ್ನ ಮನಸ್ಸಿನಲ್ಲಿ ಬೇರೆಯಾಗಿಯೇ ಉಳಿದಿದೆ. 2019ರ ಡಿಸೆಂಬರ್ ಕೊನೆಯಲ್ಲಿ, ಗಡಿ ಗದ್ದಲದ ಬಿಸಿಯಲ್ಲಿ, ಶಿವಸೇನೆಯ ಕಾರ್ಯಕರ್ತರು ಕೊಲ್ಹಾಪುರದ ಚಿತ್ರಮಂದಿರವೊಂದಕ್ಕೆ ನುಗ್ಗಿ ಕನ್ನಡ ಚಿತ್ರದ ಪ್ರದರ್ಶನವನ್ನು ನಿಲ್ಲಿಸಿದರು.

ಕೊಲ್ಹಾಪುರದಲ್ಲಿ ಕನ್ನಡ ಚಿತ್ರಕ್ಕೆ ತಡೆ! ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಚಿತ್ರೀಕರಣವಾದದ್ದು ಅದೇ ಊರಿನ ಛತ್ರಪತಿ ಸ್ಟುಡಿಯೋದಲ್ಲಿ. 1934ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಅದು ಬಿಡುಗಡೆಯಾಯಿತು. ಹಣ ಹೂಡಿದವರು ಮಾರವಾಡಿ ವರ್ತಕ ಚಮನ್‌ಲಾಲ್ ಡೂಂಗಾಜಿ, ನಿರ್ದೇಶಕ ವೈ.ವಿ. ರಾವ್ ತೆಲುಗರು, ಸಾಹಿತ್ಯ ಬೆಳ್ಳಾವೆ ನರಹರಿಶಾಸ್ತ್ರಿಗಳದು, ಮುಖ್ಯ ಪಾತ್ರಗಳಲ್ಲಿ ಎಂ.ವಿ. ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ. ರಂಗಭೂಮಿಯಿಂದ ಬಂದ ಈ ಕನ್ನಡ ಕಲಾವಿದರು ಕೊಲ್ಹಾಪುರದಲ್ಲಿ ಬಿಡಾರ ಹೂಡಿ, ಮರಾಠಿ ಮಾತಾಡುವ ಕುಶಲಕರ್ಮಿಗಳ ನಡುವೆ ನಿಂತು ರಾವಣ, ಇಂದ್ರಜಿತುಗಳ ಕನ್ನಡ ಸಂಭಾಷಣೆ ಹೇಳಿದರು. ಆ ಚಿತ್ರದ ಒಂದು ಪ್ರತಿಯೂ ಇಂದು ನಮಗೆ ಉಳಿದಿಲ್ಲ. ಉಳಿದಿದ್ದರೆ ಕೊಲ್ಹಾಪುರಕ್ಕೇ ಒಯ್ದು ತೋರಿಸಬಹುದಿತ್ತು ಎಂದು ಎಷ್ಟೋ ಬಾರಿ ಅನ್ನಿಸಿದೆ.

ಋಣ ಒಂದೇ ದಿಕ್ಕಿನದಲ್ಲ. ಕೊಲ್ಹಾಪುರದಲ್ಲಿ ಹುಟ್ಟಿದ ವಿ. ಶಾಂತಾರಾಮ್ ಹದಿಹರೆಯದಲ್ಲಿ ದುಡಿದದ್ದು ನಮ್ಮ ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ. ಸಂಜೆಯಾದರೆ ತಗಡಿನ ಚಪ್ಪರದ ಚಿತ್ರಮಂದಿರವೊಂದರಲ್ಲಿ ಬಾಗಿಲು ಕಾಯುವಂಥ ಚಿಲ್ಲರೆ ಕೆಲಸ. ಫಾಲ್ಕೆಯವರ ಮೂಕಿಚಿತ್ರಗಳನ್ನು ಆ ಹುಡುಗ ಕಣ್ತುಂಬ ನೋಡಿದ್ದು ಅಲ್ಲಿ. ಆಮೇಲೆ ಕೊಲ್ಹಾಪುರಕ್ಕೆ ಮರಳಿ ಬಾಬುರಾವ್ ಪೇಂಟರರ ಕಂಪನಿ ಸೇರಿದ್ದು, ಗೆಳೆಯರೊಡನೆ 1929ರಲ್ಲಿ ಪ್ರಭಾತ್ ಸಂಸ್ಥೆ ಕಟ್ಟಿದ್ದು ಭಾರತೀಯ ಚಿತ್ರರಂಗದ ಇತಿಹಾಸ. ಮರಾಠಿ ಸಿನಿಮಾದ ಮಹಾಪುರುಷನಿಗೆ ಸಿನಿಮಾದ ಹುಚ್ಚು ಹತ್ತಿದ್ದು ಕನ್ನಡ ನಾಡಿನಲ್ಲಿ, ಕನ್ನಡ ಸಿನಿಮಾ ಮಾತು ಕಲಿತದ್ದು ಮರಾಠಿ ನೆಲದಲ್ಲಿ. ಗಡಿ ಆಯೋಗದ ಮುಂದೆ ಮಂಡಿತವಾದ ಯಾವ ನಕ್ಷೆಯಲ್ಲೂ ಇದು ಕಾಣಲಿಕ್ಕಿಲ್ಲ.

ಗಡಿಯ ಮಾತು ನನಗೆ ಪುಸ್ತಕದ್ದಲ್ಲ. ನಾನು ಬೆಳೆದದ್ದು ದಾಂಡೇಲಿಯಲ್ಲಿ, ಕಾಗದದ ಕಾರ್ಖಾನೆಯ ನೌಕರರ ಮಗನಾಗಿ. ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಕಾರವಾರದೊಂದಿಗೆ ಹಳಿಯಾಳ ಮತ್ತು ಸೂಪಾ ಭಾಗದ ಹಳ್ಳಿಗಳೂ ತನಗೆ ಸೇರಬೇಕೆಂಬುದು ಮಹಾರಾಷ್ಟ್ರದ ವಾದ. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ ಮರುವರ್ಷವೇ ವರದಿ ಕೊಟ್ಟಿತು. ಅದನ್ನು ಒಪ್ಪದ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅಷ್ಟರಲ್ಲಿ ವಿವಾದದ ಭಾಗವಾಗಿದ್ದ ಸೂಪಾ ಎಂಬ ಊರೇ ಕಾಳಿ ನದಿಯ ಅಣೆಕಟ್ಟೆಯ ನೀರಿನಡಿ ಮುಳುಗಿ, ತಾಲ್ಲೂಕು ಜೋಯಿಡಾ ಎಂಬ ಹೆಸರಿನಲ್ಲಿ ಬದುಕಿದೆ. ವಕೀಲರಿಗೆ ಅದು ಇಂದಿಗೂ ಸೂಪಾ.

ದಾಂಡೇಲಿಯಲ್ಲಿ ಕಾರ್ಖಾನೆಯ ಶಿಳ್ಳೆ ಹೊಡೆದಾಗ ಗೇಟಿನಿಂದ ಹೊರಬರುತ್ತಿದ್ದವರು ಕನ್ನಡ, ಮರಾಠಿ, ಕೊಂಕಣಿ, ಉರ್ದು, ತೆಲುಗು, ಮಲಯಾಳಗಳಲ್ಲಿ ಮಾತಾಡುತ್ತಿದ್ದರು. ಹಳಿಯಾಳದ ಸುತ್ತಣ ಹಳ್ಳಿಗಳಲ್ಲಿ ಮನೆಮಾತು ಮರಾಠಿ, ಶಾಲೆ ಮತ್ತು ಕಚೇರಿಯ ಮಾತು ಕನ್ನಡ. ಇಂಥಲ್ಲಿ ಟೆಂಟ್ ಸಿನಿಮಾದ ಮಾಲೀಕನಿಗೆ ಭಾಷಾಭಿಮಾನ ಇಟ್ಟುಕೊಂಡು ವ್ಯಾಪಾರ ಮಾಡುವುದು ಸಾಧ್ಯವಿರಲಿಲ್ಲ. ಒಂದು ವಾರ ರಾಜಕುಮಾರ್, ಮರುವಾರ ದಾದಾ ಕೋಂಡಕೆ, ಅದರ ಮರುವಾರ ಹಿಂದಿಯ ಯಾವುದೋ ಹೊಡೆದಾಟ. ‘ಸೋಂಗಾಡ್ಯಾ’ದ ದ್ವಂದ್ವಾರ್ಥದ ಮಾತು ಅರ್ಥವಾಗದ ಕನ್ನಡಿಗರು ಪಕ್ಕದವರು ನಕ್ಕಾಗ ನಗುತ್ತಿದ್ದರು, ಆಮೇಲೆ ಅರ್ಥ ಕೇಳುತ್ತಿದ್ದರು. ಹೆಂಗಸರ ಪಾಲಿನ ಚಾಪೆಗಳಲ್ಲಿ ಇನ್ನೊಂದು ವ್ಯವಸ್ಥೆ: ಕನ್ನಡ ಬಲ್ಲವಳು ಬಾರದವಳಿಗೆ ಪಿಸುದನಿಯಲ್ಲಿ ಕಥೆ ಹೇಳಿಕೊಡುತ್ತಲೇ ಇರಬೇಕು. ಆ ಪಿಸುದನಿಗೆ ರೇಗಿದವರನ್ನು ನಾನು ಕಂಡಿಲ್ಲ. ನನ್ನ ಮಟ್ಟಿಗೆ ಮರಾಠಿ ಬಂದದ್ದು ಹೀಗೆ, ಪರದೆಯ ಮುಂದೆ ಕೂತು. ವ್ಯಾಕರಣ ಇಂದಿಗೂ ಬಾರದು.

ಕಾಲೇಜಿನಲ್ಲಿ ನನಗೆ ದೊರೆತ ಗೆಳೆಯ ಹಳಿಯಾಳ ತಾಲ್ಲೂಕಿನ ಒಂದು ಮರಾಠಾ ರೈತ ಕುಟುಂಬದವನು. ನಮ್ಮಿಬ್ಬರ ಮನೆಗಳ ನಡುವೆ ಸಮಾನವಾದದ್ದು ಏನೂ ಇರಲಿಲ್ಲ. ಅವರ ಅಣ್ಣ ಏಕೀಕರಣ ಸಮಿತಿಯ ಸಭೆಗಳಿಗೆ ಬೆಳಗಾವಿಗೆ ಹೋಗುತ್ತಿದ್ದರು. ನಮ್ಮ ಚಿಕ್ಕಪ್ಪ ಗೋಕಾಕ ಚಳವಳಿಯ ಮೆರವಣಿಗೆಯಲ್ಲಿ ನಡೆದವರು. ನಾವಿಬ್ಬರೂ ಮಾತಿಗೆ ತೊಡಗಿದ್ದು ಶಂಕರ್‌ನಾಗ್ ವಿಷಯದಲ್ಲಿ. ಅವನ ಪ್ರಕಾರ ಶಂಕರ್ ಮರಾಠಿ ರಂಗಭೂಮಿ ತಯಾರಿಸಿದ ನಟ, ‘22 ಜೂನ್ 1897’ರಂಥ ಮರಾಠಿ ಚಿತ್ರದಲ್ಲಿ ಕೈಯಾಡಿಸಿದವನು, ಹಾಗಾಗಿ ಅವರವನು. ನನ್ನ ಪ್ರಕಾರ ನಮ್ಮದೇ ಜಿಲ್ಲೆಯ ಹೊನ್ನಾವರ ಕಡೆಯವನು, ‘ಒಂದಾನೊಂದು ಕಾಲದಲ್ಲಿ’ಯ ಗಂಡುಗಲಿ, ಹಾಗಾಗಿ ನಮ್ಮವನು. ಮನೆಮಾತು ಕೊಂಕಣಿಯಾದ ಶಂಕರ್ ಇಬ್ಬರಿಗೂ ಸೇರಿದವನಲ್ಲ ಎಂದು ಮೂರನೆಯವನೊಬ್ಬ ತೀರ್ಪು ಕೊಟ್ಟದ್ದುಂಟು. ‘ದೋಸ್ತಾ, ಇದು ಮಹಾಜನ ಆಯೋಗಕ್ಕೂ ಬಗೆಹರಿಯೂದಿಲ್ಲ ಬಿಡು’ ಎಂದು ಗೆಳೆಯ ನಕ್ಕಿದ್ದ.

ಓದು ಮುಗಿಸಿ ಆತ ಕೊಲ್ಹಾಪುರದಲ್ಲಿ ನೌಕರಿ ಹಿಡಿದ. 1986ರಲ್ಲಿ ಬೆಳಗಾವಿಯಲ್ಲಿ ಗಲಭೆ ಭುಗಿಲೆದ್ದು, ಗೋಲಿಬಾರ್ ನಡೆದು, ಜೀವಗಳು ಹೋದವು. ಬಸ್ಸು ನಿಂತಿತು, ಊರಿಗೆ ಬರುವುದನ್ನು ಅವನು ನಿಲ್ಲಿಸಿದ. ಅಂಚೆ ಮಾತ್ರ ನಿಲ್ಲಲಿಲ್ಲ. ಆ ದಿನಗಳ ಅವನ ಅಂತರ್ದೇಶಿ ಪತ್ರಗಳು ನನ್ನಲ್ಲಿವೆ. ಸ್ಮಿತಾ ಪಾಟೀಲ್ ಮತ್ತು ಗಿರೀಶ ಕಾರ್ನಾಡರು ನಟಿಸಿದ ಜಬ್ಬಾರ್ ಪಟೇಲರ ‘ಉಂಬರಠಾ’ವನ್ನು ಮೂರನೆಯ ಬಾರಿ ನೋಡಿದ್ದರ ವರದಿ ಒಂದರಲ್ಲಿದೆ. ಸ್ಮಿತಾ ಕನ್ನಡದಲ್ಲಿ ನಟಿಸಿದ ‘ಅನ್ವೇಷಣೆ’ ಎಲ್ಲಿಯಾದರೂ ನೋಡಸಿಕ್ಕೀತೇ ಎಂಬ ವಿಚಾರಣೆ ಇನ್ನೊಂದರಲ್ಲಿ. ಗಲಭೆಯ ಬಗ್ಗೆ ಎಲ್ಲ ಪತ್ರಗಳಲ್ಲಿ ಸೇರಿ ಎರಡೇ ಸಾಲು: ನಿಮ್ಮಲ್ಲಿ ಎಲ್ಲ ಸುಖರೂಪವೇ, ನಮ್ಮ ಅಣ್ಣನ ಮಾತಿಗೆ ಬೇಸರ ಮಾಡಿಕೊಳ್ಳಬೇಡ. ಅವನು ಮರಾಠಿಯಲ್ಲಿ ಬರೆಯುತ್ತಿದ್ದ, ನಾನು ಕನ್ನಡದಲ್ಲಿ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ಶಂಕರ್‌ನಾಗ್ ಅಪಘಾತದಲ್ಲಿ ತೀರಿಕೊಂಡಾಗ ಬಂದ ಕಾರ್ಡು ಮಾತ್ರ ಕನ್ನಡದಲ್ಲಿತ್ತು. ಅಕ್ಷರಗಳು ಶಾಲಾ ಹುಡುಗನದರಂತೆ ದೊಡ್ಡದಾಗಿ, ಒತ್ತಕ್ಷರಗಳು ತಪ್ಪಾಗಿ: ‘ನಿಮ್ಮವನು ಹೋದ’ ಎಂದಷ್ಟೇ. ವಾದದಲ್ಲಿ ಅವನು ಸೋತದ್ದು ಅದೊಂದೇ ಸಲ, ಅದೂ ಬೇಕೆಂದೇ.

ಸಿನಿಮಾ ಎಲ್ಲವನ್ನೂ ಸರಿಪಡಿಸುತ್ತದೆ ಎಂಬ ಭ್ರಮೆ ನನಗಿಲ್ಲ. ಜಗಳಕ್ಕೆ ಮೊದಲ ಬಲಿಯೂ ಸಿನಿಮಾವೇ ಆಗುತ್ತದೆ; ಮುತ್ತಿಗೆ ಹಾಕಲು ಚಿತ್ರಮಂದಿರದಷ್ಟು ಸುಲಭದ ಗುರಿ ಬೇರಿಲ್ಲ. ಮರಾಠಿ ಮನೆಮಾತಿನ, ಬೆಂಗಳೂರಿನಲ್ಲಿ ಬಸ್ ಕಂಡಕ್ಟರಾಗಿದ್ದ, ತಮಿಳರ ಆರಾಧ್ಯದೈವವಾದ ರಜನೀಕಾಂತ್ ಗಡಿಯಿಲ್ಲದ ಮನುಷ್ಯನಿಗೆ ಒಳ್ಳೆಯ ಉದಾಹರಣೆಯಾಗಬೇಕಿತ್ತು. 2008ರಲ್ಲಿ ಹೊಗೇನಕಲ್ ವಿವಾದದಲ್ಲಿ ಅವರಾಡಿದ ಮಾತು, 2018ರಲ್ಲಿ ಕಾವೇರಿ ಕುರಿತ ನಿಲುವಿಗಾಗಿ ‘ಕಾಲಾ’ ಚಿತ್ರಕ್ಕೆ ಇಲ್ಲಿ ಎದುರಾದ ವಿರೋಧ ಬೇರೆಯೇ ಕಥೆ ಹೇಳುತ್ತವೆ. ದೇಶದ ಗಡಿಯಲ್ಲೂ ಅಷ್ಟೇ. 1965ರ ಯುದ್ಧದ ನಂತರ ಪಾಕಿಸ್ತಾನ ಭಾರತೀಯ ಚಿತ್ರಗಳನ್ನು ನಿಷೇಧಿಸಿತು. ನಾಲ್ಕು ದಶಕ ಅಲ್ಲಿನ ಜನ ಕಳ್ಳ ಕ್ಯಾಸೆಟ್ಟುಗಳಲ್ಲಿ ಅವನ್ನು ನೋಡಿದರು. 2006ರಲ್ಲಿ ‘ಮೊಘಲ್-ಎ-ಆಜಂ’ ಲಾಹೋರಿನ ಪರದೆಗೆ ಬಂತು, 2019ರಲ್ಲಿ ಬಾಗಿಲು ಮತ್ತೆ ಮುಚ್ಚಿತು. ಆದರೂ ಪೆಶಾವರದಲ್ಲಿ ದಿಲೀಪ್ ಕುಮಾರ್ ಹುಟ್ಟಿದ ಮನೆಯನ್ನು ಪಾಕಿಸ್ತಾನವೇ ರಾಷ್ಟ್ರೀಯ ಪರಂಪರೆ ಎಂದು ಘೋಷಿಸಿದೆ.

ನಮ್ಮ ಜಿಲ್ಲೆಯಲ್ಲೇ, ಮುಂಡಗೋಡದಲ್ಲಿ, ದೇಶದ ಗಡಿ ದಾಟಿ ಬಂದವರಿದ್ದಾರೆ. 1966ರಲ್ಲಿ ನೆಲೆಗೊಂಡ ಟಿಬೆಟನ್ ವಸತಿಯ ಎರಡನೆಯ, ಮೂರನೆಯ ತಲೆಮಾರಿನ ಹುಡುಗರು ಕನ್ನಡ ಹಾಡು ಗುನುಗುವುದನ್ನು ಕೇಳಿದ್ದೇನೆ. ಅದರ ಹಿಂದಿನ ನೋವು ಬೇರೆ ತೂಕದ್ದು. ಅದನ್ನು ನಮ್ಮ ಬಸ್ಸಿಗೆ ಬಳಿದ ಮಸಿಯ ಜೊತೆಗೆ ಇಟ್ಟು ಅಳೆಯಲಾರೆ.

ನನ್ನ ಆಕ್ಷೇಪ ಸರ್ಕಾರಗಳ ಬಗ್ಗೆ. ಗಡಿಯಲ್ಲಿ ಭಾಷೆ ಉಳಿಸಲು ಕರ್ನಾಟಕ ಹಣ ಇಡುತ್ತದೆ, ಭವನ ಕಟ್ಟುತ್ತದೆ, ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧವನ್ನೇ ಎಬ್ಬಿಸಿತು. ಮಹಾರಾಷ್ಟ್ರವೂ ಗಡಿ ಭಾಗದ ಮರಾಠಿಗರ ಮೇಲೆ ಪ್ರೀತಿ ತೋರುವುದರಲ್ಲಿ ಹಿಂದೆ ಬಿದ್ದಿಲ್ಲ. ಆದರೆ ಎದುರು ಮನೆಯವರು ನಮ್ಮದನ್ನು ನೋಡುವಂತೆ ಮಾಡಲು ಯಾರೂ ಕಾಸು ಬಿಚ್ಚಿದ್ದನ್ನು ಕಾಣೆ. ದುಬಾರಿ ಕೆಲಸವೇನೂ ಅಲ್ಲ. 1970ರ ದಶಕದ ಕೊನೆಯಲ್ಲಿ ಕೆ.ವಿ. ಸುಬ್ಬಣ್ಣನವರು ಪುಣೆಯ ಚಲನಚಿತ್ರ ಸಂಸ್ಥೆಯ ಸತೀಶ್ ಬಹಾದ್ದೂರ್, ರಾಷ್ಟ್ರೀಯ ಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರ್ ಅವರನ್ನು ಹೆಗ್ಗೋಡಿಗೆ ಕರೆಸಿ ಸಿನಿಮಾ ರಸಗ್ರಹಣ ಶಿಬಿರ ನಡೆಸಿದಾಗ ಅಡಿಕೆ ಬೆಳೆಗಾರರು ಕೂತು ‘ಪಥೇರ್ ಪಾಂಚಾಲಿ’ ನೋಡಿದರು. ನಮ್ಮ ಗಿರೀಶ ಕಾಸರವಳ್ಳಿ ಸಿನಿಮಾ ಕಲಿತದ್ದೂ ಅದೇ ಪುಣೆಯಲ್ಲಿ. ಒಂದು ಹಳ್ಳಿಗೆ ಸಾಧ್ಯವಾದದ್ದು 2009ರಿಂದ ಚಲನಚಿತ್ರ ಅಕಾಡೆಮಿಯನ್ನೇ ಹೊಂದಿರುವ ರಾಜ್ಯಕ್ಕೆ ಅಸಾಧ್ಯವೇ? ‘ಸೈರಾಟ್’ ಚಿತ್ರವನ್ನು ‘ಮನಸು ಮಲ್ಲಿಗೆ’ಯಾಗಿಸಿ, ಅದೇ ರಿಂಕು ರಾಜಗುರುವನ್ನು 2017ರಲ್ಲಿ ಕನ್ನಡಕ್ಕೆ ಕರೆತಂದದ್ದು ಮಾರುಕಟ್ಟೆ, ಅಕಾಡೆಮಿಯಲ್ಲ.

2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಳಿಯಲಾಯಿತು. ಬೆನ್ನಿಗೇ ಬೆಳಗಾವಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯನ್ನು ಭಗ್ನಗೊಳಿಸಲಾಯಿತು. ಎರಡು ತಿಂಗಳೊಳಗೆ, 2022ರ ಫೆಬ್ರುವರಿ 6ರಂದು, ಲತಾ ಮಂಗೇಶ್ಕರ್ ನಿಧನರಾದರು. ಕನ್ನಡ ಪತ್ರಿಕೆಗಳು ಅವರು ಕನ್ನಡದಲ್ಲಿ ಹಾಡಿದ ಒಂದೇ ಚಿತ್ರವನ್ನು ನೆನೆದವು. ಅದು 1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’. ಮಹಾರಾಷ್ಟ್ರ ತನ್ನ ಕಿರೀಟವೆಂದು ಭಾವಿಸುವ ಕಂಠ, ಕರ್ನಾಟಕದ ಅಭಿಮಾನದ ವೀರನ ಕಥೆಗೆ ದನಿಯಾಗಿತ್ತು. ಅದೂ ಮಹಾಜನ ವರದಿ ಬಂದು ಗಡಿ ಕುದಿಯುತ್ತಿದ್ದ ವರ್ಷದಲ್ಲೇ. ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ್ದು ನಂದಗಡದಲ್ಲಿ. ಮರಾಠಿ ಮಾತಾಡುವ ಖಾನಾಪುರ ತಾಲ್ಲೂಕಿನ ಆ ಊರು ನಮ್ಮ ಹಳಿಯಾಳದ ನೆರೆಯಲ್ಲೇ ಇದೆ.

ಅಕಾಡೆಮಿಗೆ ನನ್ನ ಸಲಹೆ ಇಷ್ಟೇ: ಹಳಿಯಾಳದಿಂದ ಆರಂಭಿಸಿ, ಎರಡು ಸಂಜೆ. ಮೊದಲ ದಿನ ಪ್ರಭಾತ್‌ನವರ 1936ರ ‘ಸಂತ ತುಕಾರಾಮ್’, ಕನ್ನಡ ಅಡಿಬರಹದೊಂದಿಗೆ. ಎರಡನೆಯ ದಿನ ರಾಜಕುಮಾರ್ ತುಕಾರಾಮನಾದ 1963ರ ಕನ್ನಡ ಚಿತ್ರ, ಮರಾಠಿ ಅಡಿಬರಹದೊಂದಿಗೆ. ಉದ್ಘಾಟನಾ ಭಾಷಣ ಬೇಡ. ಗೆಳೆಯ ಈಗ ನಿವೃತ್ತನಾಗಿ ಕೊಲ್ಹಾಪುರದಲ್ಲೇ ಇದ್ದಾನೆ. ಬಸ್ಸು ಓಡುತ್ತಿದ್ದರೆ ಎರಡೂ ದಿನ ಬರುತ್ತೇನೆ, ರಾಜಕುಮಾರ್ ವಾಸಿಯೋ ವಿಷ್ಣುಪಂತ ಪಾಗನೀಸ್ ವಾಸಿಯೋ ಎಂಬುದನ್ನು ಅಲ್ಲಿಯೇ ಇತ್ಯರ್ಥ ಮಾಡೋಣ ಎಂದಿದ್ದಾನೆ.