ಸೀಸೆಯ ಮೇಲಣ ಲಿಪಿ

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಸಂಕೇತದಿಂದ ಬಂದುದೆಂಬುದು ನೈಯಾಯಿಕರ ಮತ. ಸಂಕೇತವನ್ನರಿಯದವನಿಗೆ ಶಬ್ದವು ಬರಿಯ ಧ್ವನಿ. ರಾಸಾಯನಿಕಗಳ ಸೀಸೆಗಳಿಗೆ ಅಂಟಿಸಿರುವ ಎಚ್ಚರಿಕೆಯ ಚೀಟಿಗಳಿಗೂ ಈ ಮಾತು ಸಲ್ಲುತ್ತದೆ. ಅವುಗಳನ್ನು ಓದಿಸುವುದು ವಿಜ್ಞಾನದ ಅಧ್ಯಾಪಕರ ಹೊಣೆಯೆಂದು ಭಾಷಾಧ್ಯಾಪಕರು ಸುಮ್ಮನಿರುವುದು ಉಚಿತವಲ್ಲ.

ವಿಶ್ವಸಂಸ್ಥೆಯು 2003ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಕೆಂಪು ಅಂಚಿನ ವಜ್ರಾಕೃತಿಯೊಳಗೆ ಬರುವ ಚಿತ್ರಗಳು 9. ತಲೆಬುರುಡೆಯ ಅರ್ಥವನ್ನು ಯಾರಿಗೂ ಹೇಳಬೇಕಾಗಿಲ್ಲ. ತೊಡಕಿರುವುದು ಜ್ವಾಲೆಯಲ್ಲಿ. ಬರಿಯ ಜ್ವಾಲೆಯಿದ್ದರೆ ಆ ವಸ್ತು ಸುಲಭವಾಗಿ ಹೊತ್ತಿಕೊಳ್ಳುವಂಥದು. ಸ್ಪಿರಿಟ್ಟು ಇದಕ್ಕೆ ನಿದರ್ಶನ. ಜ್ವಾಲೆಯ ಕೆಳಗೆ ವೃತ್ತವೊಂದಿದ್ದರೆ ಅದು ಇತರ ವಸ್ತುಗಳನ್ನು ಉರಿಸುವಂಥದು. ಪೊಟ್ಯಾಸಿಯಂ ಪರ್ಮಾಂಗನೇಟಿನ ಸೀಸೆಯ ಮೇಲಿರುವುದು ಈ ಎರಡನೆಯ ಚಿತ್ರ. ಅದರ ಪುಡಿಗೆ ಗ್ಲಿಸರಿನ್ ಬಿದ್ದರೆ ಕಡ್ಡಿ ಗೀರದೆಯೇ ಬೆಂಕಿ ಏಳುತ್ತದೆ. ಒಂದು ಸೊನ್ನೆಯಿಂದ ‘ಮಗ’ನು ‘ಮಂಗ’ನಾಗುವ ಭಾಷೆಯನ್ನು ಕಲಿಸುವವರಿಗೆ ಈ ಸೊನ್ನೆಯ ಮಹತ್ತ್ವ ತಿಳಿಯದೆ? ಎಲ್ಲ ಸೀಸೆಗಳನ್ನೂ ಅಕಾರಾದಿಯಾಗಿ ಜೋಡಿಸುವ ರೂಢಿಯೊಂದುಂಟು. ಆ ಕ್ರಮ ನಿಘಂಟಿಗೆ ಭೂಷಣ, ಕಪಾಟಿಗಲ್ಲ.

ಒಕ್ಕಲುಮನೆಯ ಮಕ್ಕಳು ಪ್ರಯೋಗಶಾಲೆಗಿಂತ ಮೊದಲೇ ಕಾಣುವುದು ಕೀಟನಾಶಕದ ಡಬ್ಬಿಯನ್ನು. 1971ರ ನಿಯಮಗಳು ಅದರ ಮೇಲಣ ತ್ರಿಕೋನಕ್ಕೆ ನಾಲ್ಕು ಬಣ್ಣಗಳನ್ನು ಗೊತ್ತುಪಡಿಸಿದವು. ವಿಷದ ತೀವ್ರತೆ ಇಳಿದಂತೆಲ್ಲ ಕೆಂಪು, ಹಳದಿ, ನೀಲಿ, ಹಸಿರು. ಹಸಿರನ್ನು ಕಂಡು ನಿರ್ಭಯವೆಂದು ಬಗೆಯುವುದು ಸಹಜ. ರೈಲಿನ ನಿಶಾನೆ ಕಲಿಸಿದ ಅರ್ಥವದು. ಇಲ್ಲಿ ಹಸಿರೆಂದರೆ ವಿಷಗಳಲ್ಲಿ ಕಿರಿಯದು, ಅಷ್ಟೆ.

2013ರ ಜುಲೈ ತಿಂಗಳಲ್ಲಿ ಬಿಹಾರದ ಸಾರಣ ಜಿಲ್ಲೆಯ ಹಳ್ಳಿಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಮರಣಹೊಂದಿದರು. ಅಡುಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ ಬೆರೆತಿದ್ದುದು ಪರೀಕ್ಷೆಯಿಂದ ಗೊತ್ತಾಯಿತು. ಅದು ಕೆಂಪು ತ್ರಿಕೋನದ ವಿಷ. ಕೀಟನಾಶಕವಿದ್ದ ಡಬ್ಬಿಯಲ್ಲಿಯೇ ಎಣ್ಣೆಯನ್ನು ತುಂಬಿಟ್ಟಿದ್ದರೆಂದು ಆಗ ವರದಿಯಾಯಿತು. ಬರಿದಾದ ಡಬ್ಬಿಯನ್ನು ತೊಳೆದು ಬಳಸುವ ಮಿತವ್ಯಯವು ನಮ್ಮ ಮನೆಗಳಲ್ಲಿಯೂ ಸದ್ಗುಣವೆನಿಸಿದೆ. ತೊಳೆದಾಗ ಹೋಗುವುದು ಚೀಟಿ ಮಾತ್ರ.

ಪತ್ರಲೇಖನಕ್ಕೆ ಪ್ರೌಢಶಾಲೆಯ ಕನ್ನಡ ಪಾಠದಲ್ಲಿ ಸ್ಥಾನವಿದೆ. ಅದರ ಪಕ್ಕದಲ್ಲಿ ಚೀಟಿಯ ವಾಚನಕ್ಕೂ ವರ್ಷಕ್ಕೆ ಎರಡು ಅವಧಿಗಳನ್ನು ಮೀಸಲಿಡಬಹುದು. ಖಾಲಿ ಡಬ್ಬಿಯನ್ನಲ್ಲ, ಚೀಟಿಯ ಪ್ರತಿಯನ್ನು ತರಗತಿಗೆ ತಂದರೆ ಸಾಕು. ಇನ್ನು, ದಾನಿಗಳು ಕಪಾಟನ್ನು ಕೊಡಿಸುವಾಗ ಬಾಗಿಲ ಮೇಲೆ ತಮ್ಮ ಹೆಸರನ್ನು ಬರೆಸುವರು, ಅದು ಯುಕ್ತವೇ. ಒಳಗಿನ ಸೀಸೆಗಳಿಗೂ ಹೆಸರು, ಅಪಾಯ, ಕೊಂಡ ದಿನಾಂಕ ಇವುಗಳನ್ನು ಕನ್ನಡದಲ್ಲಿ ಬರೆಸುವಷ್ಟು ಅಲ್ಪ ಹಣವನ್ನು ಅದರೊಡನೆಯೇ ಕೊಟ್ಟರೆ, ಚೀಟಿ ಮಾಸಿದ ಸೀಸೆಯನ್ನು ಮೂಸಿ ಗುರುತಿಸುವ ದುರಭ್ಯಾಸವು ನಮ್ಮ ಪ್ರಯೋಗಶಾಲೆಗಳಿಂದ ತೊಲಗೀತು.